ಯಾರ ಅವಸರಕ್ಕೆ ಯಾರ ಜೀವ?

2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದರು. 615 ಎಕರೆಯ ಕಾರ್ಖಾನೆ. ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ. ಶಿಕಾರಿಪುರದ ಆಗಿನ ಶಾಸಕ ಬಿ.ಎಸ್. ಯಡಿಯೂರಪ್ಪನವರಿಗೆ ಅವತ್ತೇ 80 ತುಂಬಿತು. ಸರಿಯಾಗಿ ಒಂದು ವಾರ ಕಳೆಯಿತು. ಮಾರ್ಚ್ 6ರಂದು ಅದೇ ಯಡಿಯೂರಪ್ಪನವರನ್ನು ಹೊತ್ತ ಹೆಲಿಕಾಪ್ಟರ್ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಇಳಿಯಲು ಬಂತು. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲ, ಕಸಕಡ್ಡಿ ಎಲ್ಲ ಒಮ್ಮೆಲೇ ಎದ್ದು ರೆಕ್ಕೆಗಳತ್ತ ಹಾರಿದವು. ಪೈಲಟ್ ಇಳಿಸಲಿಲ್ಲ. ಯಂತ್ರವನ್ನು ಮತ್ತೆ ಮೇಲೆತ್ತಿ ಸುತ್ತು ಹಾಕಿಸಿದರು. ಕೆಳಗಿದ್ದವರು ಕಸ ತೆಗೆದ ಮೇಲೆ ಇಳಿಸಿದರು.

ಹೆಲಿಕಾಪ್ಟರ್ ಕಟ್ಟುವ ರಾಜ್ಯಕ್ಕೆ ಒಂದು ಮೈದಾನ ಗುಡಿಸಲು ಬರುವುದಿಲ್ಲ!

ಆ ದೃಶ್ಯವನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ನಾಯಕರು ಕೂದಲೆಳೆಯಲ್ಲಿ ಪಾರಾದರು, ದೇವರು ದೊಡ್ಡವನು ಎಂದು ನಿಟ್ಟುಸಿರು ಬಿಟ್ಟಿತು. ಪಾರು ಮಾಡಿದ್ದು ಒಬ್ಬ ಪೈಲಟ್ಟಿನ ತೀರ್ಮಾನ. ಕೆಳಗೆ ಹಾರ ಹಿಡಿದು ಕಾದವರಿದ್ದರು, ಒಳಗೆ ಮಾಜಿ ಮುಖ್ಯಮಂತ್ರಿಗಳಿದ್ದರು. ಆದರೂ ಆ ಪೈಲಟ್ ಈಗ ಬೇಡ ಎಂದು ಯಂತ್ರ ಎತ್ತಿದರು. ಆ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ಹಿಂಜರಿದಿದ್ದರೆ, ಹೇಗೋ ಇಳಿಸಿಬಿಡೋಣ ಅಂದುಕೊಂಡಿದ್ದರೆ, ಮಾರನೇ ದಿನದ ಪತ್ರಿಕೆಯಲ್ಲಿ ಆ ಹೆಸರು ಬರುತ್ತಿತ್ತು. ತಪ್ಪಿತಸ್ಥನ ಹೆಸರಾಗಿ.

ಅದರಿಂದ ಪಾಠ ಕಲಿತೆವೇ? ಎರಡು ತಿಂಗಳೂ ತುಂಬಿರಲಿಲ್ಲ. ಮೇ 2ರಂದು ಜಕ್ಕೂರಿನಿಂದ ಮುಳಬಾಗಿಲಿಗೆ ಹೊರಟ ಡಿ.ಕೆ. ಶಿವಕುಮಾರ್ ಅವರ ಹೆಲಿಕಾಪ್ಟರಿಗೆ ಹದ್ದು ಬಡಿದು ಮುಂದಿನ ಗಾಜು ಒಡೆಯಿತು. ಒಡೆದ ಗಾಜಿನ ಹಿಂದೆ ಕೂತು ಪೈಲಟ್ ಅದನ್ನು ಎಚ್‌ಎಎಲ್ ನಿಲ್ದಾಣದಲ್ಲಿ ಸುರಕ್ಷಿತವಾಗಿ ಇಳಿಸಿದರು. ಅದೇ ವಾರ ಹೊನ್ನಾವರದಲ್ಲಿ ಗಾಳಿಯ ದಿಕ್ಕು ತೋರಿಸಲು ಹೊತ್ತಿಸಿದ ಹೊಗೆ ಬತ್ತಿಯ ಕಿಡಿಗೆ ಹೆಲಿಪ್ಯಾಡಿನ ಪಕ್ಕದ ಒಣಹುಲ್ಲು ಹತ್ತಿಕೊಂಡಿತು. ಒಂದೇ ಚುನಾವಣೆಯ ಹೊತ್ತಿನಲ್ಲಿ ಮೂರು ಎಚ್ಚರಿಕೆ: ಪ್ಲಾಸ್ಟಿಕ್, ಹಕ್ಕಿ, ಬೆಂಕಿ. ಮೂರರಲ್ಲೂ ಯಾರೂ ಸಾಯಲಿಲ್ಲ. ಸಾಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಮೂರನ್ನೂ ಮರೆತೆವು.

ಹೆಲಿಕಾಪ್ಟರ್ ಹೇಗೆ ಹಾರುತ್ತದೆ ಅನ್ನುವುದು ಗೊತ್ತಿದ್ದವರು ಹೀಗೆ ಮರೆಯಲಾರರು. ಅದು ತನ್ನ ತೂಕವನ್ನೆಲ್ಲ ಗಾಳಿಯನ್ನು ಕೆಳಕ್ಕೆ ದೂಡಿಯೇ ಹೊರುತ್ತದೆ. ಇಳಿಯುವಾಗ ಆ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಎದುರಿಗೆ ಸಿಕ್ಕಿದ್ದನ್ನೆಲ್ಲ ಎತ್ತುತ್ತದೆ, ಎತ್ತಿದ್ದನ್ನು ಮತ್ತೆ ರೆಕ್ಕೆಯ ಮೇಲಿನಿಂದ ಒಳಕ್ಕೆ ಸೆಳೆದುಕೊಳ್ಳುತ್ತದೆ. ಪೈಲಟ್ಟಿನ ಎಡಗೈಯಲ್ಲಿ ಕಲೆಕ್ಟಿವ್, ಯಂತ್ರವನ್ನು ಏರಿಸಿ ಇಳಿಸುವ ಹಿಡಿ. ಬಲಗೈಯಲ್ಲಿ ಸೈಕ್ಲಿಕ್, ಹಿಂದೆ ಮುಂದೆ ಅತ್ತ ಇತ್ತ ಒಯ್ಯುವ ಕೋಲು. ಎರಡೂ ಕಾಲು ಪೆಡಲಿನ ಮೇಲೆ, ಬಾಲದ ರೆಕ್ಕೆಯನ್ನು ಹತೋಟಿಯಲ್ಲಿಡಲು. ನಿಂತಲ್ಲೇ ನಿಲ್ಲಿಸಬೇಕಾದರೂ ಎರಡು ಕೈ, ಎರಡು ಕಾಲು ಒಂದೇ ಸಮನೆ ಕೆಲಸ ಮಾಡುತ್ತಿರಬೇಕು. ಬಾಲದ ಆ ಸಣ್ಣ ರೆಕ್ಕೆಗೆ ಒಂದು ಟಾರ್ಪಾಲಿನ ಚೂರು ಸುತ್ತಿಕೊಂಡರೆ ಇಡೀ ಯಂತ್ರ ಗಿರ್ರನೆ ತಿರುಗತೊಡಗುತ್ತದೆ. ನೆಲಕ್ಕೆ ಹತ್ತಿರ, ವೇಗವಿಲ್ಲದೆ ತೇಲುತ್ತಿರುವಾಗ ಎಂಜಿನ್ ಕೈಕೊಟ್ಟರೆ, ರೆಕ್ಕೆಯ ತಿರುಗಾಟದ ಬಲದಲ್ಲೇ ಮೆಲ್ಲಗೆ ಇಳಿದುಕೊಳ್ಳುವ ವಿದ್ಯೆಗೂ ಎತ್ತರ ಸಾಲುವುದಿಲ್ಲ. ಒಣನೆಲದ ದೂಳು ಎದ್ದರಂತೂ ಪೈಲಟ್ಟಿಗೆ ನೆಲವೇ ಕಾಣದು. ಎಷ್ಟು ಎತ್ತರದಲ್ಲಿದ್ದೇನೆ, ಯಂತ್ರ ಯಾವ ಕಡೆ ವಾಲುತ್ತಿದೆ, ಮುಂದಕ್ಕೆ ಜಾರುತ್ತಿದೆಯೇ ಎಂಬುದೊಂದೂ ತಿಳಿಯದು. ಇಂಥ ಗಳಿಗೆಯಲ್ಲಿ ಅವರ ಮುಖಕ್ಕೆ ನಾವು ಪ್ಲಾಸ್ಟಿಕ್ ಎಸೆಯುತ್ತೇವೆ.

ಈಗ ನಮ್ಮ ಶಿಕಾರಿಪುರ, ಸೊರಬದ ನೆಲವನ್ನು ಪೈಲಟ್ಟಿನ ಕಣ್ಣಿನಿಂದ ಮೇಲಿನಿಂದ ನೋಡಿ. ಅಡಿಕೆ ಒಣಗಿಸಲು ಅಂಗಳದ ತುಂಬ ಹಾಸಿದ ಟಾರ್ಪಾಲು, ನೆರಳು ಬಲೆ. ಹುಲ್ಲಿನ ಬಣವೆಗೆ ಹೊದಿಸಿ ಕಲ್ಲು ಕಟ್ಟಿ ಇಳಿಬಿಟ್ಟ ನೀಲಿ ಹಾಳೆ. ಕೊಟ್ಟಿಗೆಯ ಮೇಲೆ ಇಟ್ಟಿಗೆ ಹೇರಿ ನಿಲ್ಲಿಸಿದ ತಗಡು. ಬಯಲಲ್ಲಿ ಒಣಗಲು ಹರಡಿದ ಮೆಕ್ಕೆಜೋಳ. ಕೊಯ್ಲಾದ ಗದ್ದೆಯ ಕೂಳೆ, ಅದರಡಿಯ ಪುಡಿಮಣ್ಣು. ಪಂಪ್‌ಸೆಟ್ಟಿಗೆ ಎಳೆದ ತಂತಿ, ತೋಟದ ಅಂಚಿನಲ್ಲೇ ಹಾದುಹೋಗುವ ಹನ್ನೊಂದು ಕೆವಿ ಲೈನು. ಮೇಲಿನಿಂದ ನೋಡುವವರಿಗೆ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಅಂಜನಾಪುರ, ಅಂಬ್ಲಿಗೊಳದ ನೀರ ಮೇಲೆ, ಸೊರಬದ ಗುಡವಿ ಪಕ್ಷಿಧಾಮದ ಸುತ್ತ ಹಕ್ಕಿಗಳ ಓಡಾಟ. ಇವೆಲ್ಲ ನಮ್ಮ ಬದುಕು. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಈ ಬದುಕಿನ ನಡುವೆ ಸಿಕ್ಕ ಜಾಗದಲ್ಲಿ ಒಂದು ರಾತ್ರಿಯಲ್ಲಿ ಸುಣ್ಣದ ಪುಡಿಯಿಂದ ವೃತ್ತ ಬರೆದು, ನಡುವೆ ಅಕ್ಷರ ಗೀಚಿ, ಇದೇ ಹೆಲಿಪ್ಯಾಡ್ ಎನ್ನುವವರದು ತಪ್ಪು.

ಈ ಎರಡು ತಾಲ್ಲೂಕುಗಳಿಗೆ ಹೆಲಿಕಾಪ್ಟರ್ ಹೊಸದಲ್ಲ. ಸೊರಬದ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 1992ರವರೆಗೆ ಮುಖ್ಯಮಂತ್ರಿ. ಶಿಕಾರಿಪುರದ ಯಡಿಯೂರಪ್ಪ ನಾಲ್ಕು ಸಲ ಮುಖ್ಯಮಂತ್ರಿ. ವಿಧಾನಸೌಧಕ್ಕೆ ಇಷ್ಟು ಹತ್ತಿರವಾದ ನೆಲ ಕರ್ನಾಟಕದಲ್ಲಿ ಬೇರೆ ಎಲ್ಲಿದೆ? ಅಂಥ ಕಡೆಯೂ ದೊಡ್ಡವರು ಬರುತ್ತಾರೆಂದರೆ ಶಾಲೆ, ಕಾಲೇಜಿನ ಮೈದಾನದ ಕಡೆಗೇ ಎಲ್ಲರ ಕಣ್ಣು. ಮಕ್ಕಳು ಆಡುವ ನೆಲಕ್ಕೆ ಜೆಸಿಬಿ ಬರುತ್ತದೆ. ಮೂಲೆಯಲ್ಲಿ ನೆರಳು ಕೊಡುತ್ತಿದ್ದ ಮರದ ಕೊಂಬೆ ಕಡಿಯುತ್ತಾರೆ. ಶಾಮಿಯಾನದ ಬಟ್ಟೆ, ಫ್ಲೆಕ್ಸು, ಬಂಟಿಂಗ್ಸು, ನೀರಿನ ಪ್ಯಾಕೆಟ್ಟು, ಊಟದ ಎಲೆ ಎಲ್ಲ ಅಲ್ಲೇ. ಎಂಜಲು ಬಿದ್ದಲ್ಲಿ ಹದ್ದು ಬರುತ್ತದೆ. ಸುಮಾರು 3,175 ಕಿಲೋಗಿಂತ ದೊಡ್ಡ ಹೆಲಿಕಾಪ್ಟರ್ ಒಂದು ಕಿಲೋ ತೂಕದ ಹಕ್ಕಿ ಬಡಿದರೂ ತಾಳಿಕೊಳ್ಳುವಂತಿರಬೇಕು ಎಂದು ಅಮೆರಿಕದ ನಿಯಮ ಹೇಳುತ್ತದೆ. ಅದಕ್ಕಿಂತ ಚಿಕ್ಕವಕ್ಕೆ ಆ ಕಟ್ಟುಪಾಡೇ ಇಲ್ಲ. ಹೆಲಿಪ್ಯಾಡಿನ ಪಕ್ಕದಲ್ಲೇ ಬಾಡೂಟದ ಎಂಜಲು ಸುರಿಯುವವನಿಗೆ ಇದನ್ನು ಯಾರು ಹೇಳಿದ್ದಾರೆ? ಮೈದಾನ ಸಿದ್ಧಪಡಿಸುವ ಇಲಾಖೆ, ಬಂದೋಬಸ್ತಿನ ಪೊಲೀಸರು, ಸಭೆ ಕರೆದ ಪಕ್ಷ, ಅನುಮತಿಗೆ ಸಹಿ ಹಾಕಿದ ಅಧಿಕಾರಿ, ಇಷ್ಟು ಜನ ಇರುತ್ತಾರೆ. ಕಸ ಯಾರ ಜವಾಬ್ದಾರಿ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಹೆಲಿಕಾಪ್ಟರ್ ಮೇಲೆದ್ದು ಹೋದ ಮೇಲೆ ಅದೇ ಮೈದಾನವನ್ನು ಮಕ್ಕಳು ಗುಡಿಸುತ್ತಾರೆ.

ಜನರಿಗೂ ಒಂದು ಮಾತು ಹೇಳಲೇಬೇಕು. ಬ್ಯಾರಿಕೇಡ್ ಮುರಿದು ನುಗ್ಗುವುದು ಅಭಿಮಾನವಲ್ಲ. ರೆಕ್ಕೆ ಇನ್ನೂ ತಿರುಗುತ್ತಿರುವಾಗ ಹಾರ ಹಿಡಿದು ಓಡುವ ಕಾರ್ಯಕರ್ತ ತನ್ನ ನಾಯಕನ ಜೊತೆ ಪೈಲಟ್ಟಿನ ಜೀವವನ್ನೂ ಪಣಕ್ಕಿಡುತ್ತಾನೆ. ಬಾಲದ ರೆಕ್ಕೆ ಎಷ್ಟು ವೇಗವಾಗಿ ತಿರುಗುತ್ತದೆಂದರೆ ಕಣ್ಣಿಗೆ ಕಾಣುವುದೇ ಇಲ್ಲ. 2023ರ ಏಪ್ರಿಲ್ 23ರಂದು ಕೇದಾರನಾಥದ ಹೆಲಿಪ್ಯಾಡಿನಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಅದಕ್ಕೆ ಸಿಕ್ಕಿ ಸತ್ತರು. ಹೆಲಿಕಾಪ್ಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಸಂಸ್ಥೆಯ ಅಧಿಕಾರಿಯೇ ಹಾಗೆ ಸತ್ತರೆ, ಜಾತ್ರೆ ನೋಡಲು ಬಂದಂತೆ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುವ ನಮ್ಮ ಜನರ ಗತಿ ಏನು?

ಇನ್ನು ಹವಾಮಾನ. ಮಲೆನಾಡಿನವರಿಗೆ ಮಂಜು ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಚಂದ್ರಗುತ್ತಿಯ ಗುಡ್ಡವೇ ಕಾಣದ ಬೆಳಗುಗಳಿವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಸುಡುಬಿಸಿಲು, ಸಂಜೆಗೆ ಗುಡುಗು ಗಾಳಿ. ಮೋಡದೊಳಗೆ ಹೊಕ್ಕ ಮನುಷ್ಯನಿಗೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ಕಿವಿಯೊಳಗಿನ ಸಮತೋಲದ ಅಂಗ ಸುಳ್ಳು ಹೇಳುತ್ತದೆ. ವಾಲಿದ್ದರೂ ನೆಟ್ಟಗಿದ್ದೇನೆ ಅನಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ವಿಮಾನ ಪೈಲಟ್‌ಗಳಿಗೆ ಹೊರಗಿನ ನೋಟ ತಪ್ಪಿಸಿ ಪರೀಕ್ಷೆ ಮಾಡಿದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡ್, ಅಂದರೆ ಮೂರು ನಿಮಿಷವೂ ಇಲ್ಲ. ತರಬೇತಿ ಪಡೆದವರನ್ನೂ ಮೋಡ ಬಿಡುವುದಿಲ್ಲ. 2021ರ ಡಿಸೆಂಬರ್ 8ರಂದು ಕೂನೂರಿನ ಬಳಿ, ನಮ್ಮದೇ ಪಶ್ಚಿಮ ಘಟ್ಟದ ಸಾಲಿನಲ್ಲಿ, ಜನರಲ್ ಬಿಪಿನ್ ರಾವತ್ ಇದ್ದ ವಾಯುಪಡೆಯ ಹೆಲಿಕಾಪ್ಟರ್ ಬಿದ್ದಾಗ 14 ಜನ ಹೋದರು. ಅವರಲ್ಲಿ ಕೊನೆಯವರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರ ಸಾವಿನೊಡನೆ ಸೆಣಸಿ ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಹವಾಮಾನ ಇದ್ದಕ್ಕಿದ್ದಂತೆ ಕೆಟ್ಟು ಯಂತ್ರ ಮೋಡದೊಳಗೆ ಹೊಕ್ಕಿತು, ಪೈಲಟ್ ದಿಕ್ಕುಗೆಟ್ಟರು ಎಂದು ತನಿಖೆ ಹೇಳಿತು. ಮೂರು ವರ್ಷದ ಮೇಲೆ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯ ಪಟ್ಟಿಯಲ್ಲಿ ಅದರ ಕಾರಣ ಇಷ್ಟೇ ಆಗಿ ನಿಂತಿತು: ಚಾಲಕ ಸಿಬ್ಬಂದಿಯ ಮಾನವ ದೋಷ. ಸತ್ತವರ ಬಾಯಿಂದ ಉತ್ತರ ಬರುವುದಿಲ್ಲ. ಅದಕ್ಕೇ ಈ ದೋಷ ಹೊರಿಸುವುದು ಇಷ್ಟು ಸುಲಭ.

ನಾಯಕರನ್ನು ಹೊತ್ತು ಹೊರಟು ಹಿಂದಿರುಗದ ಹೆಲಿಕಾಪ್ಟರ್‌ಗಳನ್ನು ನೆನೆಯಿರಿ. 2002ರ ಮಾರ್ಚ್ 3, ಆಂಧ್ರದ ಕೈಕಲೂರು, ಲೋಕಸಭಾಧ್ಯಕ್ಷ ಬಾಲಯೋಗಿ. 2005ರ ಮಾರ್ಚ್ 31, ಸಹಾರನ್‌ಪುರದ ಬಳಿ, ಹರಿಯಾಣದ ಮಂತ್ರಿಗಳಾದ ಒ.ಪಿ. ಜಿಂದಾಲ್ ಮತ್ತು ಸುರೇಂದರ್ ಸಿಂಗ್. 2009ರ ಸೆಪ್ಟೆಂಬರ್ 2, ನಲ್ಲಮಲ ಕಾಡು, ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ. 2011ರ ಏಪ್ರಿಲ್ 30, ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು. 2024ರ ಮೇ 19, ಮಂಜು ಕವಿದ ಬೆಟ್ಟದಲ್ಲಿ ಇರಾನಿನ ಅಧ್ಯಕ್ಷ ರೈಸಿ. ಇವರಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಸ್ಮಾರಕಗಳಿವೆ, ಯೋಜನೆಗಳಿವೆ, ಜಿಲ್ಲೆಯೇ ಇದೆ. ಗ್ರೂಪ್ ಕ್ಯಾಪ್ಟನ್ ಎಸ್.ಕೆ. ಭಾಟಿಯಾ, ಕ್ಯಾಪ್ಟನ್ ಎಂ.ಎಸ್. ರೆಡ್ಡಿ ಎಂಬ ಎರಡು ಹೆಸರು ಕೇಳಿದ್ದೀರಾ? ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಹಾರಿಸುತ್ತಿದ್ದವರು ಅವರು. ಮುಂದೆ ಬೆಂಗಳೂರಿನ ಎಚ್‌ಎಎಲ್‌ಗೆ ಅಧ್ಯಕ್ಷರಾದ ಆರ್.ಕೆ. ತ್ಯಾಗಿ ಆ ಅವಘಡದ ತನಿಖಾ ಸಮಿತಿಯ ಮುಖ್ಯಸ್ಥರಾಗಿದ್ದರು. ಯಂತ್ರದ ಎಣ್ಣೆಯ ತೊಂದರೆಗೆ ಪರಿಹಾರ ಹುಡುಕುತ್ತ ಆ ಇಬ್ಬರು ಕೊನೆಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದರು, ಕೊನೆಗೆ ಕೆಳಕ್ಕೆ ನುಗ್ಗುವ ಗಾಳಿಯ ಹೊಡೆತಕ್ಕೆ ಸಿಕ್ಕರು ಎಂದು ಸಮಿತಿ ಕಂಡುಕೊಂಡಿತು. ಆ ಆರು ನಿಮಿಷ ನಾನು ಓದಿದ್ದರಲ್ಲೆಲ್ಲ ಅತ್ಯಂತ ಭೀಕರವಾದದ್ದು. ಹೊರಗೆ ಮಳೆಮೋಡ, ಕೆಳಗೆ ಕಾಡು, ಹಿಂದೆ ಮುಖ್ಯಮಂತ್ರಿ, ಕಣ್ಣೆದುರು ಮಿನುಗುವ ಒಂದು ಎಚ್ಚರಿಕೆ ದೀಪ, ಕೈಯಲ್ಲಿ ಪರಿಹಾರ ಹುಡುಕುವ ಒಂದು ಕೈಪಿಡಿ. ಇಂಥ ದಿನ ಹೊರಡಬಾರದು ಎಂದು ನೆಲದ ಮೇಲೇ ಯಾರಾದರೂ ಹೇಳಬೇಕಿತ್ತು, ಹೇಳಿದರೆ ಕೇಳುವವರೂ ಇರಬೇಕಿತ್ತು.

ಅಲ್ಲೇ ಇರುವುದು ಕೊಳೆತ ಬೇರು. ನಮ್ಮಲ್ಲಿ ದೊಡ್ಡವರಿಗೆ ಆಗುವುದಿಲ್ಲ ಎಂದು ಹೇಳುವವರೇ ಇಲ್ಲ. ದಿನಕ್ಕೆ ಐದಾರು ಸಭೆ ಹಾಕಿಕೊಂಡು, ಒಂದೊಂದಕ್ಕೂ ತಡವಾಗಿ ಹೊರಟು, ಆ ತಡವನ್ನೆಲ್ಲ ಆಕಾಶದಲ್ಲಿ ತುಂಬಿಸಿಕೊಡು ಎಂದು ಪೈಲಟ್ಟಿಗೆ ಹೇಳುತ್ತಾರೆ. ಬಾಡಿಗೆಗೆ ಹೆಲಿಕಾಪ್ಟರ್ ಕೊಡುವ ಕಂಪನಿಗೆ ಮುಂದಿನ ಬುಕಿಂಗಿನ ಚಿಂತೆ, ಪೈಲಟ್ಟಿಗೆ ಕೆಲಸದ ಚಿಂತೆ. ಬಾಯಿಬಿಟ್ಟು ಗದರಿಸಲೇಬೇಕೆಂದಿಲ್ಲ. 2020ರ ಜನವರಿ 26ರಂದು ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಕೋಬಿ ಬ್ರಯಾಂಟ್ ಇದ್ದ ಹೆಲಿಕಾಪ್ಟರ್ ಮೋಡಕ್ಕೆ ಹೊಕ್ಕು ಬಿದ್ದು ಒಂಬತ್ತು ಜನ ಸತ್ತರು. ಹಾರಲೇಬೇಕು ಎಂದು ಯಾರೂ ಒತ್ತಾಯಿಸಿರಲಿಲ್ಲ, ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡ ಒತ್ತಡವೂ ಕಾರಣ ಎಂದು ಅಲ್ಲಿನ ತನಿಖೆ ಬರೆಯಿತು. ಗಿರಾಕಿ ದೊಡ್ಡವನಾದಷ್ಟೂ ಬೇಡ ಅನ್ನುವ ನಾಲಿಗೆ ಭಾರವಾಗುತ್ತದೆ. ಕೇದಾರನಾಥಕ್ಕೆ ಹೋಗುವ ನಮ್ಮ ಯಾತ್ರಿಕರು ಕೂರುವುದೂ ಇಂಥ ಅವಸರದ ಯಂತ್ರಗಳಲ್ಲೇ. 2025ರ ಜೂನ್ 15ರ ಬೆಳಗಿನ ಜಾವ ಅಲ್ಲಿ ಬಿದ್ದ ಹೆಲಿಕಾಪ್ಟರಿನಲ್ಲಿ ಪೈಲಟ್ ಸೇರಿ ಏಳು ಜನ ಸತ್ತರು. ಅವರಲ್ಲಿ ಎರಡು ವರ್ಷ ತುಂಬದ ಮಗುವೂ ಇತ್ತು.

ಏನೂ ಆಗಲ್ಲ ಬಿಡಿ ಅನ್ನುವ ಇದೇ ಉಡಾಫೆ 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಅನಿಲ್, ಉದಯ್ ಎಂಬ ಇಬ್ಬರು ನಟರನ್ನು ಮುಳುಗಿಸಿತು. ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಕ್ಯಾಮೆರಾ ಸಿದ್ಧವಿತ್ತು, ಹೆಲಿಕಾಪ್ಟರ್ ಸಿದ್ಧವಿತ್ತು. ಜೀವ ಉಳಿಸುವ ವ್ಯವಸ್ಥೆಯೊಂದನ್ನು ಬಿಟ್ಟು ಎಲ್ಲವೂ ಸಿದ್ಧವಿತ್ತು. ಹೆಲಿಪ್ಯಾಡಿನಲ್ಲೂ ನಮ್ಮ ಕಥೆ ಇದೇ. ವೇದಿಕೆ, ಹಾರ, ಮೈಕು ಎಲ್ಲ ಮೊದಲ ದಿನವೇ ತಯಾರು. ಪೊರಕೆ ಮಾತ್ರ ಕೊನೆಗೂ ಬರುವುದಿಲ್ಲ.

ಅವಸರ ಅಂದರೇನು ಎಂದು ಸೊರಬದವರನ್ನು ಕೇಳಿ. ಮಂಗನ ಕಾಯಿಲೆಗೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಇರುವ ಹೆಸರೇ ಈ ತಾಲ್ಲೂಕಿನ ಕ್ಯಾಸನೂರು ಕಾಡಿನದು. 1957ರಲ್ಲಿ ಗುರುತಿಸಿದ ಆ ಕಾಯಿಲೆ ಜೋರಾದಾಗ ರೋಗಿಯನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯುವುದು ಇವತ್ತಿಗೂ ರಸ್ತೆಯಲ್ಲೇ, ತಿರುವು ತಿರುವಿಗೂ ಜೀವ ಕೈಯಲ್ಲಿ ಹಿಡಿದುಕೊಂಡು. ಜ್ವರದಲ್ಲಿ ಬೇಯುತ್ತಿರುವ ಕೂಲಿ ಹೆಣ್ಣುಮಗಳದು ಅವಸರ. ಹೆರಿಗೆ ನೋವಿನ ಬಸುರಿಯದು ಅವಸರ. ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದುಕೊಂಡ ಕೊನೆಗಾರನದು ಅವಸರ. ಅವರಿಗಾಗಿ ಒಬ್ಬ ಪೈಲಟ್ ಮೋಡ ನೋಡಿ, ತೂಗಿ ಅಳೆದು ಹೊರಟರೆ ಅದಕ್ಕೊಂದು ಅರ್ಥವಿದೆ. ಭಾಷಣಕ್ಕೆ ತಡವಾಯಿತೆಂದು ಯಾರ ಮಗನನ್ನೂ ಮಂಜಿನೊಳಗೆ ನೂಕುವ ಹಕ್ಕು ಯಾವ ನಾಯಕನಿಗೂ ಇಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ತಾಲ್ಲೂಕಿಗೊಂದು ಕಾಯಂ ಹೆಲಿಪ್ಯಾಡ್ ಮಾಡಿ. ಗಟ್ಟಿನೆಲ, ಸುತ್ತ ಬೇಲಿ, ಗಾಳಿಚೀಲ, ನೀರು, ಬೆಂಕಿ ಆರಿಸುವ ವ್ಯವಸ್ಥೆ ಇರಲಿ, ಮೇಲೆ ತಂತಿ ಇಲ್ಲದಿರಲಿ. ನಾಯಕರಿಗೆ ಬಳಸುವ ಆ ಜಾಗವೇ ರೋಗಿಗೂ ಸಿಗಲಿ. ಶಾಲೆಯ ಮೈದಾನ ಮಕ್ಕಳದು, ಅದನ್ನು ಮುಟ್ಟಬೇಡಿ. ಹೆಲಿಪ್ಯಾಡ್ ಸುರಕ್ಷಿತವಾಗಿದೆ ಎಂದು ಸಹಿ ಹಾಕುವ ಅಧಿಕಾರಿ ಹಿಂದಿನ ದಿನ ತಾನೇ ಕಾಲಿಟ್ಟು ನಡೆದು ನೋಡಲಿ, ಕಸ ಹಾರಿದರೆ ಆ ಸಹಿಯೇ ಉತ್ತರ ಕೊಡಲಿ. ಬೆಳೆ ಹಾಳಾದರೆ ರೈತನಿಗೆ ಅವತ್ತೇ ಪರಿಹಾರ ಸಿಗಲಿ, ಅದು ಸಭೆ ಕರೆದವರ ಜೇಬಿನಿಂದ ಬರಲಿ. ಇಳಿಯಲಾಗದೆ ಹಿಂದಿರುಗಿದ, ಹೊರಡಲು ಒಪ್ಪದ ಪೈಲಟ್ಟಿನ ಕೆಲಸಕ್ಕೆ, ಸಂಬಳಕ್ಕೆ, ಮುಂದಿನ ಬುಕಿಂಗಿಗೆ ಕುತ್ತು ಬಂದರೆ ಅದನ್ನು ಅಪರಾಧ ಎಂದು ಕಾನೂನು ಎಣಿಸಲಿ. ಅವಘಡದ ವರದಿ ಕನ್ನಡದಲ್ಲಿ ಜನರ ಕೈಗೆ ಬರಲಿ. ಹೊರಡಿ ಎಂದು ಯಾರು ಹೇಳಿದರು, ಎಷ್ಟು ಗಂಟೆಗೆ ಹೇಳಿದರು, ಹವಾಮಾನದ ವರದಿ ಆಗ ಏನಿತ್ತು ಎಂಬುದೂ ಅದರಲ್ಲಿರಲಿ. ಮಾನವ ದೋಷ ಎಂದು ಬರೆಯುವವರು ಯಾವ ಮಾನವನದು ಎಂದೂ ಬರೆಯಲಿ.

1942ರಲ್ಲಿ ಇದೇ ಶಿಕಾರಿಪುರ ತಾಲ್ಲೂಕಿನ ಈಸೂರು ಬ್ರಿಟಿಷರಿಗೆ ತಲೆಬಾಗದೆ ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿತು. ಆ ಹೋರಾಟದಲ್ಲಿ ಆ ಊರಿನ ಐವರು 1943ರಲ್ಲಿ ಗಲ್ಲಿಗೇರಿದರು. ಸಾಮ್ರಾಜ್ಯಕ್ಕೇ ಆಗುವುದಿಲ್ಲ ಎಂದು ಹೇಳಿದ ನೆಲದಲ್ಲಿ, ನಾವೇ ಓಟು ಹಾಕಿ ಕಳಿಸಿದ ನಾಯಕರಿಗೆ ಇವತ್ತು ಹಾರಬೇಡಿ, ರಸ್ತೆಯಲ್ಲಿ ಬನ್ನಿ ಎಂದು ಹೇಳಲು ನಮಗೆ ಯಾರ ಭಯ? ಮುಂದಿನ ಚುನಾವಣೆಗೆ ಮೈದಾನದಲ್ಲಿ ಸುಣ್ಣದ ವೃತ್ತ ಬೀಳುವ ಮೊದಲೇ ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ, ಪಕ್ಷದ ಕಚೇರಿಯ ಎದುರು ಈ ಪ್ರಶ್ನೆ ಏಳಬೇಕು. ಪೈಲಟ್ ಬೇಡ ಅಂದರೆ ಅದೇ ಕೊನೆಯ ಮಾತು. ಅದನ್ನು ಮೀರಿ ಹೊರಡಿಸುವವರು ಯಾವ ಪಕ್ಷದವರೇ ಆಗಲಿ, ಎಷ್ಟೇ ದೊಡ್ಡವರಾಗಿರಲಿ, ನಾಳೆ ಬೀಳುವ ಹೆಣಗಳಿಗೆ ಅವರೇ ಹೊಣೆ. ಅದನ್ನು ಗೊತ್ತಿದ್ದೂ ಚಪ್ಪಾಳೆ ತಟ್ಟಿದ ನಾವೂ ಹೊಣೆ.